ಹದಿನೇಳು ನಿಮಿಷಕ್ಕೊಮ್ಮೆ

ತೊಗರಿ ಟೆಂಡರ್ ನಡದಾಗೇ ಲೈನು ಹೋಗತದ.
ಎಂಟು ಸೆಕೆಂಡು. ಒಮ್ಮೊಮ್ಮೆ ಹನ್ನೆರಡು.
ಮತ್ತ ತಾನೇ ಬರತದ, ಏನೂ ಆಗಿಲ್ಲ ಅನ್ನೋ ಹಂಗ.
ಅಷ್ಟರಾಗ ಗಂಜಿನ ಅಡತಿ ಅಂಗಡ್ಯಾಗ
ಕ್ವಿಂಟಲ್ಲಿಗೆ ನಲವತ್ತು ರೂಪಾಯಿ ಏರಿಸಿದವನ ಬೆರಳು
ಗುಂಡಿ ಮ್ಯಾಲೇ ಉಳದಿರತದ.

ಫೋನು ನನಗೇ ಬರತದ:
"ಮೇಡಂ, ನಿಮ್ಮ ಮಷೀನು ಸತ್ತದ."
ಸತ್ತಿಲ್ಲ. ಸತ್ತಿದ್ರ ಛಲೋ ಇತ್ತು.
ಸತ್ತದ್ದನ್ನ ಎಬ್ಬಸಬಹುದು,
ಮಿಕಮಿಕ ನೋಡಿಕೋತ ಕೂತದ್ದಕ್ಕ ಏನು ಮದ್ದು?

ಕೇಬಲ್ ಬದಲಿಸಿದೆ. ಸ್ವಿಚ್ಚಿನ ಕಿಂಡಿ ಬದಲಿಸಿದೆ.
ಫ್ಯಾನಿನೊಳಗ ಕೂತ ಬ್ಯಾಳಿ ಧೂಳು,
ಸಣ್ಣಂದು, ಅರಿಷಿಣದ ತಂಗಿಯಂಥಾದ್ದು,
ಹಲ್ಲುಜ್ಜೋ ಹಳೇ ಬ್ರಶ್ಶಿಲೆ ಕೆರದು ತಗದೆ.
ಬಿಸಲಿನ ಮ್ಯಾಲೆ ತಪ್ಪು ಹೊರಿಸಿದೆ,
ಕಲಬುರಗ್ಯಾಗ ಎಲ್ಲಾದಕ್ಕೂ ಅದೇ ನೆವ.
ಎ.ಸಿ. ಹದಿನೆಂಟಕ್ಕ ಇಳಿಸಿದೆ.
ನಾ ನಡುಗಿದೆ, ಲೈನು ಸುಧಾರಿಸಲಿಲ್ಲ.

ರಾತ್ರಿ ಪಿಂಗ್ ಹಚ್ಚಿ ಕೂತೆ.
ಒಂದೊಂದೇ ಉತ್ತರ, ಒಂದೊಂದೇ ಸಾಲು:
ಒಂಬೈನೂರಾ ಮೂರು, ಒಂಬೈನೂರಾ ನಾಕು,
ಆಮ್ಯಾಲ ಒಂಬೈನೂರಾ ಹದಿಮೂರು.
ನಡುವಿನ ಎಂಟು ಎಲ್ಲಿಗೆ ಹೋದವು?
ಗ್ವಾಡಿ ಗಡಿಯಾರ ನೋಡಿ ರಸೀದಿ ಹಿಂದ ಬರದೆ:
ಹತ್ತೂ ಎಂಟು. ಹತ್ತೂ ಇಪ್ಪತ್ತೈದು. ಹತ್ತೂ ನಲವತ್ತೆರಡು.
ಹದಿನೇಳು, ಹದಿನೇಳು.
ಕೆಟ್ಟದ್ದು ಇಷ್ಟು ವೇಳೆಕ್ಕ ಸರಿಯಾಗಿ ಬರೂದಿಲ್ಲ.
ಇದು ಕೆಟ್ಟದ್ದಲ್ಲ, ಯಾರದೋ ರೂಢಿ.

ವಾಚ್‌ಮನ್ ಮಶಾಕಸಾಬ ಸುಸಲಾ ತಂದಿಟ್ಟ,
ತನ್ನ ಸಂಕಟಾನೂ ಸಂಗಟ ತಂದಿದ್ದ:
"ಹಮಾಲಿ ಮರೆಪ್ಪಗ ಕೊಡಂತ ಐನೂರು ಕಳಿಸಿದೆ,
ಮುಟ್ಟೇ ಇಲ್ಲ ಅಂತಾನ್ರಿ.
ಗಂಜಿನ್ಯಾಗ ಇಬ್ರು ಮರೆಪ್ಪ ಅದಾರ.
ಮುಕಾದಮ ಕೂಗಿದಾಗ
ಯಾಂವ ಕಡೀಕ 'ಹೂಂ' ಅಂದಾನೋ
ಆ ದಿನದ ಚೀಟಿ ಅಂವಂದೇ."

ಕೈಯಾಗಿನ ತುತ್ತು ಕೈಯಾಗೇ ಉಳೀತು.

ಎರಡು ಪೆಟಗಿ, ಅವುಗಳ ಹೊಟ್ಟ್ಯಾಗ ಹನ್ನೊಂದು ಮಷೀನು,
ಮುಟ್ಟಲಿಕ್ಕೆ ಮೈಯಿಲ್ಲ, ಬರೀ ಹೆಸರು, ಬರೀ ನಂಬರು.
ಒಂದೊಂದನ್ನೇ ಬಾಯಿಬಿಟ್ಟು ಓದಿದೆ,
ಐವತ್ತೆರಡು, ಐವತ್ನಾಕು, ಸೊನ್ನೆ ಸೊನ್ನೆ...
ಮೊದಲ ಪೆಟಗ್ಯಾಗ ಮೂರನೇದು,
ಎರಡನೇ ಪೆಟಗ್ಯಾಗ ಕಡೀದು:
ಒಂದೇ ನಂಬರು. ಒಂದಕ್ಷರ ಫರಕಿಲ್ಲ.

ನನಗಿಂತ ಮೊದಲಿದ್ದ ರೇವಣಸಿದ್ಧ
ಹೋದ ದೀಪಾವಳಿ ಮುಂದ ನಕಲು ತಗದು,
ಪರೀಕ್ಷಾ ಮಾಡಿ, ಮರತು,
ಬೀದರಿಗೆ ವರ್ಗಾ ಆಗಿ ಹೋಗ್ಯಾನ.
ನಕಲಿಗೆ ಅಂದಿನಿಂದ ಯಾರೂ ಏನೂ ಹೇಳಿಲ್ಲ.
ಕತ್ತಲ್ಯಾಗ ಕೂತದ.
ಹದಿನೇಳು ನಿಮಿಷಕ್ಕೊಮ್ಮೆ ಬಾಯಿ ಬಿಡತದ:
"ವೇಳೆ ಎಷ್ಟಾತು?"
ಇಷ್ಟೇ.

ಸ್ವಿಚ್ಚು ಪಾಪ, ಕಡೀಕ ಹೂಂ ಅಂದವನ ಕಡೆ ಹೊರಳತದ.
ಗಂಜಿನ ದರ, ಚೀಟಿ, ಸವಾಲು, ಎಲ್ಲಾ ಆ ಕಡೆ.
ಇದು ಒಂದೊಂದೇ ಲಕೋಟಿ ತಗದು ನೋಡತದ,
ಒಳಗಿನ ಹೆಸರು ತನ್ನದಲ್ಲ,
ಕೆಳಗ ಬಿಡತದ.
ವಾಪಸ ಕಳಸೂ ರೂಢಿ ಅದಕ್ಕಿಲ್ಲ.
ಅಸಲಿನದು ಏನಾರ ಮಾತಾಡೋ ತನಕ
ಗಂಜು ಗಪ್.

ಒಳಗ ಇಣುಕಿದೆ. ಅದರ ಪಟ್ಟ್ಯಾಗ
ದೀಪಾವಳಿ ಹಿಂದಿನ ದಿನದ ತೊಗರಿ ದರಾನೇ ಇನ್ನೂ.
ಗಡಿಯಾರ ಮಾತ್ರ ಒಂದು ಸೆಕೆಂಡೂ ತಪ್ಪಿಲ್ಲ.

ಅಳಿಸೋ ಅಪ್ಪಣೆ ಬರದೆ. ಎಂಟರ್ ಒತ್ತಲಿಲ್ಲ.
ಮುಕಾದಮ ಎಂದೋ ಮಾಡಬೇಕಾದ್ದನ್ನ ನಾ ಮಾಡಿದೆ:
ಒಬ್ಬಗ ಚಿತ್ತಾಪುರದ ಮರೆಪ್ಪ ಅಂತ ಬರಕೊಂಡಂಗ
ಕಡೀ ಎರಡಂಕಿ ತಿದ್ದಿದೆ.

ಹನ್ನೆರಡೂ ಏಳಕ್ಕ ಉಸರು ಹಿಡದೆ.
ಸಾಲಿನ ಬೆನ್ನಿಗೆ ಸಾಲು, ಒಂದೂ ಬೀಳಲಿಲ್ಲ.
ಅಲ್ಲೆಲ್ಲೋ ಕತ್ತಲ್ಯಾಗ ಅದು ವೇಳೆ ಕೇಳಿರಬೇಕು,
ಯಾರೋ ಹೇಳಿರಬೇಕು.

ಮಶಾಕಸಾಬ ಬಾಗಲಾಗೇ ನಿಂತಿದ್ದ:
"ನಿಮ್ಮದೆಲ್ಲ ಬರೋಬ್ಬರಿ ಆತ್ರಿ.
ನನ್ನ ಐನೂರು?"